ಅಗ್ಗದ ಮರ, ಮದ್ದಿಲ್ಲದ ಮರ

ಮನೆಯ ಮರಗೆಲಸಕ್ಕೆ ಹಲಗೆಯನ್ನು ಆರಿಸುವ ಬಗೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಕಟ್ಟಿದ ಮನೆಗೆ ಒಂದು ಪುಸ್ತಕದ ಕಪಾಟನ್ನು ಸ್ವಂತ ಕೈಯಿಂದ ಮಾಡಿ ನೋಡು ಎಂಬ ಮಾತನ್ನೂ ಅದಕ್ಕೆ ಧಾರಾಳವಾಗಿ ಸೇರಿಸಬಹುದು. ಭಾನುವಾರದ ಬೆಳಿಗ್ಗೆ ಕಾಫಿ ಮುಗಿಸಿ, ಹಿತ್ತಿಲಲ್ಲೋ ಮಹಡಿಯ ಮೇಲೋ ಗರಗಸ, ಹತ್ತರಿ, ಉಳಿಗಳನ್ನು ಹರಡಿಕೊಂಡು ಕೂರುವ ಗೃಹಸ್ಥರು ನಮ್ಮ ನಗರಗಳಲ್ಲಿ ಅಪರೂಪವಲ್ಲ. ಮಗುವಿಗೊಂದು ತಳ್ಳುವ ಗಾಡಿ, ಅಡಿಗೆಯ ಮನೆಗೊಂದು ಡಬ್ಬಿಗಳ ತಟ್ಟು, ದೇವರಿಗೊಂದು ಮಂಟಪ, ಓದುವ ಹುಡುಗನಿಗೊಂದು ಮೇಜು—ಇಂಥ ಸಣ್ಣ ಪುಟ್ಟ ಕೆಲಸಗಳಲ್ಲಿ ಸಿಗುವ ಸಂತೋಷ ದುಡ್ಡು ಕೊಟ್ಟು ತಂದ ಸಾಮಾನಿನಲ್ಲಿ ಸಿಗಲಾರದು.

ಉಪಕರಣಗಳನ್ನು ಕೊಳ್ಳುವುದು ಕಷ್ಟವಲ್ಲ. ಕೈ ಪಳಗುವುದು ಅಭ್ಯಾಸದ ಮಾತು. ಹೊಸಬರು ನಿಜವಾಗಿ ಎಡವುವುದು ಸಾಮಿಲ್ಲಿನ ಬಾಗಿಲಲ್ಲಿ. ತೇಗದ ಬೆಲೆಯನ್ನು ಕೇಳಿದೊಡನೆ ಅರ್ಧ ಉತ್ಸಾಹ ಇಳಿದುಹೋಗುತ್ತದೆ. ‘ಅಷ್ಟು ಬೇಡವೆಂದರೆ ಇದನ್ನು ಒಯ್ಯಿರಿ’ ಎಂದು ಅಂಗಡಿಯವನು ತೋರಿಸಿದ ಹಲಗೆಯನ್ನು ತಂದು, ಎರಡು ತಿಂಗಳ ರಜಾದಿನಗಳನ್ನು ಸವೆಸಿ ಕಪಾಟು ಮಾಡುತ್ತಾರೆ. ಮೊದಲ ಮಳೆಗಾಲದಲ್ಲಿ ಅದರ ಬಾಗಿಲು ಕಚ್ಚಿಕೊಳ್ಳುತ್ತದೆ. ಬೇಸಗೆಯಲ್ಲಿ ಹಲಗೆ ಸೀಳುತ್ತದೆ. ಮರುವರ್ಷ ಕಪಾಟಿನ ಕೆಳಗೆ ನಸುಹಳದಿ ಪುಡಿ ಉದುರಿರುತ್ತದೆ. ಹಣ ಹೋದದ್ದಕ್ಕಿಂತ ದುಡಿಮೆ ಹೋದದ್ದರ ನೋವು ಹೆಚ್ಚು. ಇಂಥ ಅನುಭವವಾದವರಲ್ಲಿ ಅನೇಕರು ಮತ್ತೆ ಹತ್ತರಿಯನ್ನು ಮುಟ್ಟುವುದೇ ಇಲ್ಲ.

ಆದರೆ ತಪ್ಪು ಅಗ್ಗದ ಮರದ್ದಲ್ಲ. ಯಾವ ಮರ ಯಾವ ಕೆಲಸಕ್ಕೆ ಸಲ್ಲುತ್ತದೆ, ಅದು ಒಣಗಿದೆಯೇ, ಅದಕ್ಕೆ ಯಾವ ಮದ್ದು ಹಾಕಿದ್ದಾರೆ ಎಂಬ ಮೂರು ಪ್ರಶ್ನೆಗಳನ್ನು ಕೇಳದೆ ಕೊಂಡದ್ದರಲ್ಲಿ ತಪ್ಪಿದೆ.

ಮದ್ದಿನ ಕಥೆ

ಗೆದ್ದಲು, ಹುಳು, ಬೂಷ್ಟುಗಳಿಂದ ಮರವನ್ನು ಕಾಪಾಡಲು ಅದಕ್ಕೆ ರಾಸಾಯನಿಕಗಳನ್ನು ಉಣಿಸುವ ಪದ್ಧತಿ ಬಹುಕಾಲದಿಂದ ಇದೆ. ಅವುಗಳಲ್ಲಿ ಲೋಕಪ್ರಸಿದ್ಧವಾದ ಒಂದು ಮದ್ದು ಹುಟ್ಟಿದ್ದು ಭಾರತದಲ್ಲಿಯೇ ಎಂಬುದು ಅನೇಕರಿಗೆ ತಿಳಿಯದು. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೋಂಟಿ ಕಾಮೇಶಂ ಅವರು 1933ರಲ್ಲಿ ತಾಮ್ರ, ಕ್ರೋಮಿಯಂ ಮತ್ತು ಆರ್ಸೆನಿಕ್ ಸೇರಿದ ಒಂದು ದ್ರಾವಣವನ್ನು ರೂಪಿಸಿದರು. ಒತ್ತಡದಿಂದ ಅದನ್ನು ಮರದೊಳಕ್ಕೆ ಇಳಿಸಿದರೆ ತಾಮ್ರ ಬೂಷ್ಟನ್ನೂ ಆರ್ಸೆನಿಕ್ ಹುಳುವನ್ನೂ ತಡೆಯುತ್ತವೆ. ಕ್ರೋಮಿಯಂ ಎರಡನ್ನೂ ಮರದ ಎಳೆಗಳಿಗೆ ಅಂಟಿಸಿ ಹಿಡಿಯುತ್ತದೆ. ‘ಆಸ್ಕು’ ಎಂಬ ವ್ಯಾಪಾರನಾಮದಿಂದ ಈ ಮದ್ದು ದೇಶದೇಶಗಳಿಗೆ ಹೋಯಿತು. ವಿದ್ಯುತ್ ಕಂಬ, ತಂತಿ ಕಂಬ, ಸೇತುವೆ, ಬೇಲಿಗಳ ಆಯುಷ್ಯವನ್ನು ಅದು ಎಷ್ಟೋ ಪಟ್ಟು ಹೆಚ್ಚಿಸಿತೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಆರ್ಸೆನಿಕ್ ಎಂದರೆ ಪಾಷಾಣ. ಮಕ್ಕಳು ಆಡುವ ಕಟ್ಟೆ, ಉಯ್ಯಾಲೆಗಳಿಗೂ ಈ ಮರ ಬಳಕೆಯಾಗತೊಡಗಿದ ಮೇಲೆ, ಅದರ ಮೇಲ್ಮೈಯಿಂದ ವಿಷ ಅಷ್ಟಷ್ಟಾಗಿ ಕೈಗೂ ಮಣ್ಣಿಗೂ ಇಳಿಯುವುದು ಕಂಡುಬಂದಿತು. ಅಮೆರಿಕದ ತಯಾರಕರು 2003ರ ಕೊನೆಗೆ ಮನೆಬಳಕೆಯ ಮರಕ್ಕೆ ಇದನ್ನು ಹಾಕುವುದನ್ನು ನಿಲ್ಲಿಸಿದರು; ಯೂರೋಪಿನಲ್ಲಿಯೂ ನಿರ್ಬಂಧಗಳು ಬಂದವು. ಕಂಬಕ್ಕೆ ಹಿತವಾದದ್ದು ತೊಟ್ಟಿಲಿಗೆ ಹಿತವಲ್ಲ ಎಂಬುದು ಇದರ ಸಾರ.

ನಮ್ಮ ಊರಿನ ಸಾಮಿಲ್ಲುಗಳಲ್ಲಿ ದಿಮ್ಮಿಯಿಂದ ಆಗಷ್ಟೆ ಕೊಯ್ದು ಕೊಡುವ ಹಲಗೆಗಳಿಗೆ ಸಾಮಾನ್ಯವಾಗಿ ಯಾವ ಮದ್ದೂ ಇರುವುದಿಲ್ಲ. ಅಪಾಯವಿರುವುದು ‘ಅಗ್ಗಕ್ಕೆ ಸಿಕ್ಕಿತು’ ಎಂದು ತರುವ ಹಳೆಯ ಸಾಮಾನಿನಲ್ಲಿ. ಕಳಚಿಹಾಕಿದ ವಿದ್ಯುತ್ ಕಂಬದ ಮರ ಹಸಿರು ಛಾಯೆಯಲ್ಲಿದ್ದರೆ ಅದು ಆರ್ಸೆನಿಕ್ ಉಂಡ ಮರವಾಗಿರಬಹುದು. ಹಳತಾದಾಗ ಆ ಹಸಿರು ಮಾಸಿ ಬೂದುಬಣ್ಣಕ್ಕೆ ತಿರುಗುವುದರಿಂದ ಕಣ್ಣನ್ನೊಂದೇ ನಂಬುವಂತಿಲ್ಲ. ರೈಲುದಾರಿಯ ಹಳೆಯ ಸ್ಲೀಪರುಗಳಲ್ಲಿ ಕೆಲವು ಕಲ್ಲಿದ್ದಲ ಡಾಂಬರಿನಿಂದ ಬಟ್ಟಿಯಿಳಿಸಿದ ಕ್ರಿಯೋಸೋಟನ್ನು ಕುಡಿದಿರುತ್ತವೆ. ಬಿಸಿಲಿಗೆ ಅವು ಕಪ್ಪಾಗಿ ಬೆವರಿ ಘಾಟುವಾಸನೆ ಬೀರುತ್ತವೆ. ಇವೆರಡನ್ನೂ ಮನೆಯೊಳಕ್ಕೆ ತರಬಾರದು. ತರಕಾರಿ ಮಡಿಯ ಅಂಚಿಗೂ ಇಡಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಅವುಗಳ ಚೂರುಗಳನ್ನು ಬಚ್ಚಲ ಒಲೆಗೆ ಹಾಕಲೇಬಾರದು. ಆರ್ಸೆನಿಕ್ ಉಂಡ ಮರವನ್ನು ಸುಟ್ಟರೆ ವಿಷ ಸುಟ್ಟುಹೋಗುವುದಿಲ್ಲ. ಒಂದು ಭಾಗ ಹೊಗೆಯಲ್ಲಿ ಸೇರುತ್ತದೆ, ಉಳಿದದ್ದು ಬೂದಿಯಲ್ಲಿ ನಿಲ್ಲುತ್ತದೆ. ಆ ಬೂದಿಯನ್ನು ಪಾತ್ರೆ ತಿಕ್ಕಲೋ ಗಿಡದ ಬುಡಕ್ಕೋ ಹಾಕುವ ಮನೆಯ ಗತಿ ಏನಾದೀತು?

ಎಲ್ಲ ಮದ್ದೂ ಹೀಗೆ ಘೋರವಲ್ಲ. ಬೊರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣ ಹುಳುವಿಗೆ ಮಾರಕ, ಮನುಷ್ಯರಿಗೆ ಅದರ ಅಪಾಯ ಬಹಳ ಕಡಿಮೆ. ನೀರಿಗೆ ಸಿಕ್ಕರೆ ತೊಳೆದುಹೋಗುವುದರಿಂದ ಅದು ಒಳಾಂಗಣದ ಪೀಠೋಪಕರಣಗಳಿಗೆ ಮಾತ್ರ ತಕ್ಕುದು. ಹಾಗಿದ್ದರೂ ಮಗು ಬಾಯಿಗೆ ಹಾಕುವ ಆಟಿಕೆ, ರೊಟ್ಟಿ ಬಡಿಯುವ ಹಲಗೆ, ತರಕಾರಿ ಹೆಚ್ಚುವ ಮಣೆ, ಅಕ್ಕಿಯ ಪೆಟ್ಟಿಗೆ—ಇವಕ್ಕೆ ಮದ್ದೇ ಇಲ್ಲದ ಮರ ಬೇಕು.

ಕೆಚ್ಚು ಎಲ್ಲಿದೆ, ನೋಡಿ

ಮದ್ದಿಲ್ಲದ ಮರ ಬಾಳಬೇಕಾದರೆ ಅದು ತನ್ನನ್ನು ತಾನೇ ಕಾಯ್ದುಕೊಳ್ಳಬೇಕು. ಆ ಶಕ್ತಿ ಇರುವುದು ಕೆಚ್ಚಿನಲ್ಲಿ. ದಿಮ್ಮಿಯನ್ನು ಅಡ್ಡಲಾಗಿ ಕೊಯ್ದರೆ ನಡುವಿನಲ್ಲಿ ಬಣ್ಣ ಗಾಢವಾದ ಭಾಗವೊಂದು, ಅದರ ಸುತ್ತ ಮಾಸಲು ಬಿಳಿಯ ಭಾಗವೊಂದು ಕಾಣುತ್ತವೆ. ಹೊರಗಿನ ಬಿಳಿಯ ಭಾಗವೇ ಮರ ಬದುಕಿದ್ದಾಗ ನೀರನ್ನು ಮೇಲಕ್ಕೊಯ್ದು, ಪಿಷ್ಟವನ್ನು ಕೂಡಿಟ್ಟ ಭಾಗ. ನಡುವಿನದು ಕೆಲಸ ಮುಗಿಸಿ ಗಟ್ಟಿಯಾದ ಕೆಚ್ಚು. ಅದರಲ್ಲಿ ಮರ ತಾನೇ ತುಂಬಿಟ್ಟ ಕಹಿ, ಒಗರು, ಎಣ್ಣೆ, ಅಂಟುಗಳಿರುತ್ತವೆ. ಧೈರ್ಯವಂತನನ್ನು ಕೆಚ್ಚೆದೆಯವನು ಎನ್ನುವ ನಮ್ಮ ಭಾಷೆಗೆ ಮರದ ಗುಣ ಚೆನ್ನಾಗಿ ತಿಳಿದಿತ್ತು.

ಕಪಾಟಿನ ಕೆಳಗೆ ಹಿಟ್ಟಿನಂಥ ಪುಡಿ ಉದುರಿಸುವ ಕೊರಕ ಹುಳು ಬರುವುದು ಬಿಳಿಯ ಭಾಗದಲ್ಲಿರುವ ಪಿಷ್ಟವನ್ನು ಹುಡುಕಿಕೊಂಡು. ಆದುದರಿಂದ ತೇಗವೆಂಬ ಹೆಸರನ್ನು ಕೇಳಿ ಮಾರುಹೋಗಬಾರದು. ಎಳೆಯ ತೇಗದ ಬಿಳಿ ಹಲಗೆಗಿಂತ ಬಲಿತ ಹಲಸಿನ ಕೆಚ್ಚಿನ ಹಲಗೆ ಸಾವಿರ ಪಾಲು ಮೇಲು. ಸಂದೇಹವಿದ್ದರೆ ಒಂದು ಸುಲಭವಾದ ಪರೀಕ್ಷೆ ಉಂಟು: ಹೊಸದಾಗಿ ಕೊಯ್ದ ಮುಖದ ಮೇಲೆ ಒಂದು ತೊಟ್ಟು ಟಿಂಚರ್ ಅಯೊಡಿನ್ ಬಿಡಬೇಕು. ಆ ಜಾಗ ಕಪ್ಪುಮಿಶ್ರಿತ ನೀಲಿಯಾದರೆ ಅಲ್ಲಿ ಪಿಷ್ಟವಿದೆ, ಹುಳುವಿಗೆ ಔತಣ ಸಿದ್ಧವಾಗಿದೆ ಎಂದು ತಿಳಿಯಬೇಕು. ಬರಿಯ ಕಂದುಬಣ್ಣವಾಗಿಯೇ ಉಳಿದರೆ ಭಯ ಕಡಿಮೆ. ಹಳ್ಳಿಗಳಲ್ಲಿ ಬಿದಿರನ್ನು ಕಡಿದು ಕೆರೆಯ ನೀರಿನಲ್ಲಿ ವಾರಗಟ್ಟಲೆ ನೆನೆಹಾಕುವ ರೂಢಿಯ ಹಿಂದಿನ ಗುಟ್ಟೂ ಇದೇ. ನೀರು ಪಿಷ್ಟವನ್ನು ಕರಗಿಸಿ ಒಯ್ಯುತ್ತದೆ. ಹುಳುವಿಗೆ ಆಹಾರ ಉಳಿಯುವುದಿಲ್ಲ.

ಕೈಗೆಟಕುವ ಮರಗಳು

ತೇಗ, ಬೀಟೆ, ಹೊನ್ನೆಗಳ ಪ್ರಶಂಸೆಗೆ ಇಲ್ಲಿ ಅವಕಾಶವಿಲ್ಲ. ಅವು ಒಳ್ಳೆಯವೆಂಬುದು ಎಲ್ಲರಿಗೂ ಗೊತ್ತು, ಅವುಗಳ ಬೆಲೆಯೂ ಗೊತ್ತು. ಅವುಗಳಿಗಿಂತ ಕಡಿಮೆ ಹಣಕ್ಕೆ ದೊರೆಯುವ ಮರಗಳ ಗುಣಾವಗುಣಗಳನ್ನು ಅರಿಯುವುದು ಗೃಹಸ್ಥನಿಗೆ ಹೆಚ್ಚು ಉಪಯುಕ್ತ.

ಹಲಸು: ಮಲೆನಾಡಿನ ಮತ್ತು ಕರಾವಳಿಯ ಮನೆಗಳಲ್ಲಿ ಊಟದ ಮಣೆಯಿಂದ ಬಾಗಿಲಿನವರೆಗೆ ಎಲ್ಲಕ್ಕೂ ಒದಗಿದ ಮರ. ವೀಣೆಯ ಕೊಡ, ಮೃದಂಗದ ಒಡಲು ಇದರಿಂದಲೇ ಆಗುತ್ತವೆ. ಕೊಯ್ದಾಗ ಹಳದಿಯಾಗಿದ್ದು, ವರ್ಷಗಳು ಕಳೆದಂತೆ ಜೇನಿನ ಬಣ್ಣಕ್ಕೂ ಆಮೇಲೆ ಕಂದುಬಣ್ಣಕ್ಕೂ ತಿರುಗುತ್ತದೆ. ಇದರ ಕೆಚ್ಚಿಗೆ ಗೆದ್ದಲು ಸುಲಭವಾಗಿ ಬರುವುದಿಲ್ಲ. ಹದವಾಗಿ ಒಣಗಿದ್ದರೆ ಹತ್ತರಿಗೆ ಚೆನ್ನಾಗಿ ಒಗ್ಗುತ್ತದೆ, ಹೊಳಪನ್ನೂ ಪಡೆಯುತ್ತದೆ. ಕಪಾಟು, ಮೇಜು, ದೇವರ ಮಂಟಪಗಳಿಗೆ ಮೊದಲ ಆಯ್ಕೆಯಾಗಲು ಇದಕ್ಕೆ ಎಲ್ಲ ಅರ್ಹತೆಯೂ ಇದೆ.

ಬೇವು: ಕಹಿಯೇ ಇದರ ಕಾವಲು. ಬಟ್ಟೆಯ ಪೆಟ್ಟಿಗೆಗೂ ಪುಸ್ತಕದ ಕಪಾಟಿಗೂ ಒಳ್ಳೆಯದು. ಆದರೆ ಎಳೆಗಳು ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ ಹತ್ತರಿ ಹೊಡೆಯುವಾಗ ಮೇಲ್ಮೈ ಕಿತ್ತುಬರುವುದುಂಟು. ಅಲಗು ಬಹಳ ಹರಿತವಾಗಿರಬೇಕು, ಸಿಪ್ಪೆ ತೆಳ್ಳಗೆ ತೆಗೆಯಬೇಕು.

ಸಿಲ್ವರ್ ಓಕ್: ಆಸ್ಟ್ರೇಲಿಯದಿಂದ ಬಂದು, ಕೊಡಗು, ಚಿಕ್ಕಮಗಳೂರು, ಹಾಸನಗಳ ಕಾಫಿ ತೋಟಗಳಲ್ಲಿ ನೆರಳಿಗಾಗಿಯೂ ಮೆಣಸಿನ ಬಳ್ಳಿಯ ಆಸರೆಗಾಗಿಯೂ ಬೆಳೆದ ಮರ. ತೋಟದ ಮರವಾದ್ದರಿಂದ ಧಾರಾಳವಾಗಿ ದೊರೆಯುತ್ತದೆ. ಹಗುರ, ಗರಗಸಕ್ಕೆ ಮೆದು. ದಿಮ್ಮಿಯ ನಡುವಿನಿಂದ ಹೊರಮುಖವಾಗಿ ಕೊಯ್ದ ಹಲಗೆಯಲ್ಲಿ ಮೀನಿನ ಹುರುಪೆಯಂಥ ಮಿನುಗುವ ಚಿತ್ರ ಮೂಡುತ್ತದೆ. ಹೊಸಬರ ಕೈಗೆ ಇದು ಬಹಳ ಒಳ್ಳೆಯ ಮರ. ಆದರೆ ಬಾಳಿಕೆ ಕಡಿಮೆ. ನೀರು ತಾಗುವಲ್ಲಿ, ನೆಲಕ್ಕೆ ತಾಗುವಲ್ಲಿ ಇದನ್ನು ಬಳಸಬಾರದು. ಇದರ ಪುಡಿಯಿಂದ ಕೆಲವರ ಚರ್ಮದಲ್ಲಿ ತುರಿಕೆ ಏಳುವುದುಂಟು.

ಮಾವು: ಅಗ್ಗ, ಎಲ್ಲ ಊರಿನಲ್ಲಿಯೂ ಲಭ್ಯ. ಕಡಿದ ಮೇಲೆ ಬೇಗನೆ ಕೊಯ್ದು ಒಣಗಿಸದಿದ್ದರೆ ಬೂಷ್ಟು ಹಿಡಿದು ಕಲೆಯಾಗುತ್ತದೆ. ಕೊರಕ ಹುಳುವಿಗೂ ಅಚ್ಚುಮೆಚ್ಚು. ಪೆಟ್ಟಿಗೆ, ತಾತ್ಕಾಲಿಕ ತಟ್ಟು, ಅಭ್ಯಾಸದ ಕೆಲಸಗಳಿಗೆ ಸಾಕು; ಮೊಮ್ಮಕ್ಕಳ ಕಾಲಕ್ಕೆ ಉಳಿಯಬೇಕಾದ ಸಾಮಾನಿಗೆ ಅಲ್ಲ.

ಅಕೇಶಿಯಾ: ಕರಾವಳಿ, ಮಲೆನಾಡುಗಳ ನೆಡುತೋಪುಗಳಿಂದ ಬರುವ ಗಡುಸಾದ ಮರ. ಕೆಚ್ಚಿನ ಬಣ್ಣ ತೇಗವನ್ನು ನೆನಪಿಗೆ ತರುತ್ತದೆ. ಕಾಂಡ ಡೊಂಕಾಗಿರುವುದರಿಂದ ಉದ್ದನೆಯ ಹಲಗೆ ಸಿಗುವುದು ಕಷ್ಟ. ಆತುರದಿಂದ ಒಣಗಿಸಿದರೆ ಸೀಳುತ್ತದೆ. ಸ್ಟೂಲು, ಸಣ್ಣ ಮೇಜಿನ ಕಾಲುಗಳಿಗೆ ಒದಗುತ್ತದೆ.

ನೀಲಗಿರಿ: ಬೆಲೆ ನೋಡಿ ಆಸೆಪಡಬಾರದು. ಬೆಳೆಯುವಾಗ ಕಾಂಡದಲ್ಲಿ ಸೇರಿದ ಬಿಗಿತ ಕೊಯ್ದೊಡನೆ ಸಡಿಲಗೊಂಡು, ಹಲಗೆ ಸೀಳುತ್ತದೆ, ತಿರುಚಿಕೊಳ್ಳುತ್ತದೆ. ಹೊಸಬರ ತಾಳ್ಮೆಯನ್ನು ಪರೀಕ್ಷಿಸಲು ಇದಕ್ಕಿಂತ ಬೇರೆ ಮರ ಬೇಡ.

ರಬ್ಬರ್: ದಕ್ಷಿಣ ಕನ್ನಡದ ತೋಟಗಳಲ್ಲಿ ಹಾಲು ಬತ್ತಿದ ಮೇಲೆ ಕಡಿಯುವ ಮರ. ನೋಡಲು ಸುಂದರ, ಹತ್ತರಿಗೂ ಸುಲಭ. ಆದರೆ ಪಿಷ್ಟ ತುಂಬಿರುವುದರಿಂದ ಮದ್ದಿಲ್ಲದೆ ಬಿಟ್ಟರೆ ಕೆಲವೇ ದಿನಗಳಲ್ಲಿ ಬೂಷ್ಟೂ ಹುಳುವೂ ಹಿಡಿಯುತ್ತವೆ. ಮದ್ದಿಲ್ಲದ ಮರವೇ ಬೇಕೆನ್ನುವವರು ರಬ್ಬರನ್ನು ಬಿಡಬೇಕು. ರಬ್ಬರೇ ಬೇಕೆನ್ನುವವರು ಬೋರಿಕ್ ಮದ್ದು ಉಂಡದ್ದನ್ನು ಕೊಳ್ಳಬೇಕು.

ಆಟಿಕೆ ಮಾಡುವವರು ಚನ್ನಪಟ್ಟಣದ ಕಡೆಗೆ ನೋಡಿದರೆ ಸಾಕು. ಅಲ್ಲಿನ ಚಿತ್ರಗಾರರು ತಲೆಮಾರುಗಳಿಂದ ಬಳಸುತ್ತಿರುವುದು ಬೆಳ್ಳಗಿನ, ನುಣುಪಾದ ಹಾಲೆ ಮರ. ಅದಕ್ಕೆ ಲೇಪಿಸುವುದು ಬಣ್ಣ ಬೆರೆಸಿದ ಅರಗು. ಹೊಳಪು ಬರಿಸುವುದು ಕೇದಗೆ ಜಾತಿಯ ಎಲೆಯಿಂದ. ಇನ್ನು ಉಳಿಯನ್ನು ಬಡಿಯುವ ಕೊಡತಿಗೆ ಹುಣಸೆಯನ್ನೂ ಉಪಕರಣಗಳ ಹಿಡಿಗೆ ಕರಿಜಾಲಿಯನ್ನೂ ನಮ್ಮ ಬಡಗಿಗಳು ಆರಿಸಿಕೊಂಡದ್ದು ಸುಮ್ಮನೆ ಅಲ್ಲ. ಪೆಟ್ಟು ತಿಂದು ಒಡೆಯದ ಗುಣ ಅವೆರಡಕ್ಕೂ ಉಂಟು.

ಹಸಿ ಮರದ ಮೋಸ

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬ ಗಾದೆ ಮಕ್ಕಳ ವಿಷಯದಲ್ಲಿ ನಿಜವಾಗಿರಬಹುದು. ಹಸಿ ಹಲಗೆಯ ವಿಷಯದಲ್ಲಿ ಖಂಡಿತ ಸುಳ್ಳು. ಅದು ಕಪಾಟಾದ ಮೇಲೆಯೇ ಬಗ್ಗುತ್ತದೆ.

ಮರ ಒಣಗುವಾಗ ಉದ್ದದಲ್ಲಿ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ; ಅಗಲದಲ್ಲಿ ಕುಗ್ಗುತ್ತದೆ. ಅದೂ ಎಲ್ಲ ಕಡೆಗೂ ಸಮನಾಗಿ ಅಲ್ಲ. ವರ್ಷದ ಉಂಗುರಗಳ ಜಾಡಿನಲ್ಲಿ ಆಗುವ ಕುಗ್ಗುವಿಕೆ, ನಡುವಿನಿಂದ ತೊಗಟೆಯ ಕಡೆಗೆ ಆಗುವುದರ ಸುಮಾರು ಎರಡರಷ್ಟು. ಹಲಗೆ ದೋಣಿಯಂತೆ ಡೊಂಕಾಗುವುದು ಈ ಅಸಮತೆಯಿಂದ. ಹತ್ತು ಅಂಗುಲ ಅಗಲದ ಹಸಿ ಹಲಗೆ ಶೇಕಡಾ 5ರಷ್ಟು ಕುಗ್ಗಿದರೆ ಅರ್ಧ ಅಂಗುಲ ಮಾಯವಾಯಿತು. ಅಷ್ಟು ಅಂತರ ಬಿದ್ದ ಸಂದಿನಲ್ಲಿ ಯಾವ ಅಂಟು ನಿಂತೀತು? ತೇಗಕ್ಕೆ ಇಷ್ಟು ಗೌರವ ಬಂದಿರುವುದಕ್ಕೆ ಒಂದು ಕಾರಣ, ಅದು ಉಳಿದ ಅನೇಕ ಮರಗಳಿಗಿಂತ ಕಡಿಮೆ ಕುಗ್ಗುವುದು. ಅಗ್ಗದ ಮರವನ್ನೂ ಚೆನ್ನಾಗಿ ಒಣಗಿಸಿ ಬಳಸಿದರೆ ಆ ಅಂತರದ ಬಹುಪಾಲು ತುಂಬಿಹೋಗುತ್ತದೆ.

ಪೀಠೋಪಕರಣದ ಮರದಲ್ಲಿ ತೇವ ಶೇಕಡಾ 12ರ ಆಸುಪಾಸಿನಲ್ಲಿರಬೇಕೆನ್ನುವುದು ವಾಡಿಕೆ. ಅಳೆಯುವ ಉಪಕರಣ ಇಲ್ಲದವರಿಗೂ ದಾರಿಯುಂಟು. ತಂದ ಹಲಗೆಗಳಲ್ಲಿ ಒಂದನ್ನು ವಾರಕ್ಕೊಮ್ಮೆ ತೂಗಿ ಬರೆದಿಡಬೇಕು. ತೂಕ ಇಳಿಯುತ್ತಿರುವವರೆಗೆ ಅದು ಒಣಗುತ್ತಿದೆ ಎಂದರ್ಥ. ಮಳೆಯಿಲ್ಲದ ದಿನಗಳಲ್ಲಿ ನಾಲ್ಕಾರು ವಾರ ತೂಕ ಒಂದೇ ಆಗಿ ನಿಂತರೆ ಹಲಗೆ ಮನೆಯ ಹವೆಗೆ ಹೊಂದಿಕೊಂಡಿತೆಂದು ತಿಳಿದು ಕೆಲಸಕ್ಕೆ ಕೈ ಹಾಕಬಹುದು.

ಒಣಗಿಸುವ ಕ್ರಮವೂ ಸರಳವೇ. ಹಲಗೆಗಳನ್ನು ಗೋಡೆಗೆ ಒರಗಿಸಿ ಬಿಡಬಾರದು, ಬಿಸಿಲಿಗೂ ಹಾಕಬಾರದು. ನೆರಳಿನಲ್ಲಿ, ಗಾಳಿಯಾಡುವಲ್ಲಿ, ನೆಲದಿಂದ ಒಂದಡಿ ಎತ್ತರದಲ್ಲಿ ಮಟ್ಟಸವಾಗಿ ಜೋಡಿಸಬೇಕು. ಎರಡು ಹಲಗೆಗಳ ನಡುವೆ ಎರಡಡಿಗೊಂದರಂತೆ ಒಂದೇ ದಪ್ಪದ ರೀಪಿನ ತುಂಡುಗಳನ್ನು, ಒಂದರ ಮೇಲೊಂದು ನೇರವಾಗಿ ಬರುವಂತೆ ಇಡಬೇಕು. ತುದಿಗಳಿಂದ ನೀರು ಬೇಗ ಆರಿ ಸೀಳು ಬೀಳುವುದರಿಂದ, ತುದಿಗಳಿಗೆ ಬಣ್ಣವನ್ನೋ ಮೇಣವನ್ನೋ ಬಳಿಯಬೇಕು. ಮೇಲೆ ನಾಲ್ಕು ಭಾರದ ಕಲ್ಲುಗಳನ್ನು ಹೇರಬೇಕು. ಉಳಿದದ್ದನ್ನು ಕಾಲವೇ ಮಾಡುತ್ತದೆ.

ಪ್ಯಾಕಿಂಗ್ ಪೆಟ್ಟಿಗೆ ಮತ್ತು ಹಳೆಯ ಮನೆಯ ಮರ

ಅಗ್ಗದಲ್ಲಿ ಅಗ್ಗವಾದದ್ದು ಕಾರ್ಖಾನೆಗಳಿಂದ ಹೊರಬೀಳುವ ಪ್ಯಾಕಿಂಗ್ ಪೆಟ್ಟಿಗೆ ಹಾಗೂ ಪ್ಯಾಲೆಟ್ಟುಗಳ ಪೈನ್ ಮರ. ಹಗುರವಾದ, ಕೈಗೆ ಹಿತವಾದ ಮರವಿದು. ಇದರ ಮೇಲೆ ಒತ್ತಿರುವ ಮುದ್ರೆಯನ್ನು ಓದಲು ಕಲಿಯಬೇಕು. ದೇಶದಿಂದ ದೇಶಕ್ಕೆ ಹೋಗುವ ಪೆಟ್ಟಿಗೆಗಳಲ್ಲಿ ಕೀಟಗಳು ಸಾಗದಿರಲೆಂದು 2002ರಲ್ಲಿ ಅಂತರರಾಷ್ಟ್ರೀಯ ನಿಯಮವೊಂದು ಬಂದಿತು. ಗೋಧಿಯ ತೆನೆಯ ಚಿಹ್ನೆಯ ಪಕ್ಕದಲ್ಲಿ ‘ಎಚ್.ಟಿ.’ ಎಂಬ ಇಂಗ್ಲಿಷ್ ಅಕ್ಷರಗಳಿದ್ದರೆ, ಮರದ ಒಳಗಿನವರೆಗೂ 56 ಡಿಗ್ರಿ ಸೆಲ್ಸಿಯಸ್ ಶಾಖವನ್ನು 30 ನಿಮಿಷ ಕೊಡಲಾಗಿದೆ ಎಂದರ್ಥ. ಇದು ಬರಿಯ ಶಾಖ, ಮದ್ದಲ್ಲ. ‘ಎಂ.ಬಿ.’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲವನ್ನು ಹಾಯಿಸಲಾಗಿದೆ; ಅಂಥದನ್ನು ಮನೆಗೆ ತರದಿರುವುದೇ ಲೇಸು. ಮುದ್ರೆ ಯಾವುದಿದ್ದರೂ, ಎಣ್ಣೆಯ ಕಲೆ, ರಾಸಾಯನಿಕದ ವಾಸನೆ ಇರುವ ಹಲಗೆಯನ್ನು ಬಿಟ್ಟುಬಿಡಬೇಕು. ಆ ಪೆಟ್ಟಿಗೆ ಏನನ್ನು ಹೊತ್ತು ತಂದಿತ್ತೆಂದು ಬಲ್ಲವರಾರು?

ಇನ್ನೊಂದು ನಿಧಿ, ಕೆಡವಿದ ಹಳೆಯ ಮನೆಗಳ ಮರ. ತೊಲೆ, ಜಂತೆ, ಬಾಗಿಲವಾಡಗಳಲ್ಲಿದ್ದ ತೇಗ, ಮತ್ತಿ, ಹೊನ್ನೆಗಳು ದಶಕಗಳ ಕಾಲ ಒಣಗಿ ಮಾಗಿರುತ್ತವೆ. ಆಡಬೇಕಾದ ಆಟವನ್ನೆಲ್ಲ ಆಡಿ ಮುಗಿಸಿರುತ್ತವೆ. ಹೊಸ ತೇಗವನ್ನು ಕೊಳ್ಳಲಾರದವರು ಹಳೆಯ ತೇಗವನ್ನು ಕೊಳ್ಳಬಲ್ಲರು. ಆದರೆ ಎರಡು ಎಚ್ಚರಿಕೆಗಳು ಅವಶ್ಯ. ಒಳಗೆ ಮುರಿದುಕೊಂಡಿರುವ ಮೊಳೆ ಹತ್ತರಿಯ ಅಲಗನ್ನು ಒಂದೇ ಎಳೆತಕ್ಕೆ ಹಾಳುಮಾಡುತ್ತದೆ. ಅಯಸ್ಕಾಂತವನ್ನು ಉದ್ದಕ್ಕೂ ಆಡಿಸಿ ನೋಡಬೇಕು. ಎರಡನೆಯದು, ಹಳೆಯ ಬಣ್ಣ. ಬಣ್ಣಗಳಲ್ಲಿ ಸೀಸವನ್ನು ಹತ್ತು ಲಕ್ಷಕ್ಕೆ 90 ಭಾಗಗಳಿಗೆ ಮಿತಿಗೊಳಿಸುವ ನಿಯಮ ಭಾರತದಲ್ಲಿ ಹೊರಬಿದ್ದದ್ದು 2016ರಲ್ಲಿ. ಅದಕ್ಕೂ ಹಿಂದಿನ ಬಣ್ಣ ಬಳಿದ ಬಾಗಿಲನ್ನು ಮಕ್ಕಳಿರುವ ಮನೆಯೊಳಗೆ ಉಪ್ಪುಕಾಗದದಿಂದ ಉಜ್ಜಿದರೆ, ಸೀಸದ ಧೂಳನ್ನು ಮನೆಯೆಲ್ಲ ಹರಡಿದಂತಾಗುತ್ತದೆ.

ಧೂಳಿನ ಮಾತು ಬಂದಾಗ ಇದನ್ನೂ ಹೇಳಬೇಕು. ಮದ್ದಿಲ್ಲದ ಮರದ ಧೂಳು ನಿರಪಾಯಕಾರಿ ಎಂಬ ನಂಬಿಕೆ ಸರಿಯಲ್ಲ. ಮರದ ಧೂಳನ್ನು ಬಹುಕಾಲ ಉಸಿರಾಡುವುದು ಕ್ಯಾನ್ಸರಿಗೆ ಕಾರಣವಾಗಬಲ್ಲದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲಿಯೇ ಪ್ರಕಟಿಸಿತು. ಮೂಗು ಬಾಯಿಗಳಿಗೆ ಮುಸುಕು ಕಟ್ಟಿ, ಬಯಲಿನಲ್ಲಿ ಕೆಲಸ ಮಾಡುವುದು ಕ್ಷೇಮ.

ಲೆಕ್ಕ ತಿಳಿದವನಿಗೆ ಮೋಸವಿಲ್ಲ

ಮರವನ್ನು ಮಾರುವುದು ಘನ ಅಡಿಯ ಲೆಕ್ಕದಲ್ಲಿ. ಉದ್ದವನ್ನು ಅಡಿಯಲ್ಲಿಯೂ, ಅಗಲ ದಪ್ಪಗಳನ್ನು ಅಂಗುಲದಲ್ಲಿಯೂ ಅಳೆದು, ಮೂರನ್ನೂ ಗುಣಿಸಿ 144ರಿಂದ ಭಾಗಿಸಿದರೆ ಘನ ಅಡಿ ಬರುತ್ತದೆ. 12 ಅಡಿ ಉದ್ದ, 4 ಅಂಗುಲ ಅಗಲ, 3 ಅಂಗುಲ ದಪ್ಪದ ತುಂಡು ಸರಿಯಾಗಿ ಒಂದು ಘನ ಅಡಿ.

ಐದಡಿ ಎತ್ತರ, ಎರಡೂವರೆ ಅಡಿ ಅಗಲ, ಹತ್ತು ಅಂಗುಲ ಆಳದ ಪುಸ್ತಕದ ಕಪಾಟೊಂದನ್ನು ಒಂದು ಅಂಗುಲದ ಹಲಗೆಯಿಂದ ಮಾಡಬೇಕಾಗಿದೆ ಎನ್ನೋಣ. ಪಕ್ಕದ ಹಲಗೆಗಳು ಎರಡು. ಅವಕ್ಕೆ ಸುಮಾರು 0.69 ಘನ ಅಡಿ. ಮೇಲಿನದು, ಕೆಳಗಿನದು, ನಡುವಿನ ಮೂರು ಸೇರಿ ಅಡ್ಡಹಲಗೆಗಳು ಐದು. ಅವಕ್ಕೆ ಸುಮಾರು 0.87. ಒಟ್ಟು 1.56. ಗಂಟು, ಸೀಳು, ಗರಗಸದ ಹೊಟ್ಟು, ಹತ್ತರಿಯ ಸಿಪ್ಪೆ ಎಂದು ಕಾಲು ಭಾಗವನ್ನು ಸೇರಿಸಿದರೆ ಎರಡು ಘನ ಅಡಿ ಸಾಕು. ಇಷ್ಟನ್ನು ಚೀಟಿಯಲ್ಲಿ ಬರೆದುಕೊಂಡು ಹೋದ ಗಿರಾಕಿಗೆ ಅಂಗಡಿಯಲ್ಲಿ ಮರ್ಯಾದೆಯೇ ಬೇರೆ.

ದುಂಡು ದಿಮ್ಮಿಯ ಲೆಕ್ಕ ಬೇರೆ. ಸುತ್ತಳತೆಯ ಕಾಲುಭಾಗವನ್ನು ವರ್ಗಮಾಡಿ ಉದ್ದದಿಂದ ಗುಣಿಸುವುದು ಹಳೆಯ ರೂಢಿ. ಇದರಿಂದ ಬರುವ ಮೊತ್ತ ದಿಮ್ಮಿಯ ನಿಜವಾದ ಗಾತ್ರದ ಶೇಕಡಾ 78.5ರಷ್ಟೇ, ಕೊಯ್ಯುವಾಗ ಹೋಗುವ ನಷ್ಟಕ್ಕೆ ಅದೇ ರಿಯಾಯಿತಿ.

ಅಡ್ಡಹಲಗೆ ಪುಸ್ತಕದ ಭಾರಕ್ಕೆ ಜೋಲುವುದೆಂಬ ಭಯದಿಂದ ದುಬಾರಿ ಮರಕ್ಕೆ ಹೋಗುವವರುಂಟು. ಅವರಿಗೆ ಒಂದು ಲೆಕ್ಕ ಸಮಾಧಾನ ಕೊಟ್ಟೀತು. ಹಲಗೆಯ ದಪ್ಪ ಇಮ್ಮಡಿಯಾದರೆ ಅದರ ಬಿಗುಪು ಎಂಟು ಮಡಿಯಾಗುತ್ತದೆ. ಹತ್ತರಿ ಹೊಡೆದ ಮೇಲೆ ಮುಕ್ಕಾಲು ಅಂಗುಲವಿರುವ ಹಲಗೆಯ ಬದಲು ಪೂರ್ತಿ ಒಂದು ಅಂಗುಲ ಉಳಿಯುವಂತೆ ನೋಡಿಕೊಂಡರೆ ಅದೇ ಮರದ ಬಿಗುಪು ಎರಡು ಪಟ್ಟನ್ನೂ ಮೀರುತ್ತದೆ. ಸ್ವಲ್ಪ ದಪ್ಪನಾದ ಅಗ್ಗದ ಹಲಗೆ, ತೆಳ್ಳಗಿನ ದುಬಾರಿ ಹಲಗೆಯ ಸರಿಸಮಾನಕ್ಕೆ ನಿಲ್ಲಬಲ್ಲದು.

ಡಿಪೊದಲ್ಲಿ ಹಲಗೆಯ ಒಂದು ತುದಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಉದ್ದಕ್ಕೂ ನೋಡಬೇಕು. ಡೊಂಕು, ತಿರುಚು ಆಗ ಕಾಣುತ್ತವೆ. ಸೂಜಿಮೊನೆಯಷ್ಟು ರಂಧ್ರಗಳಿದ್ದು ತಟ್ಟಿದಾಗ ಪುಡಿ ಉದುರಿದರೆ, ಒಳಗೆ ಹುಳು ಜೀವಂತವಾಗಿದೆ. ಹಲಗೆಯ ನಡುವಿನಲ್ಲಿ ದಿಮ್ಮಿಯ ಮೆತ್ತನೆಯ ತಿರುಳು ಹಾದುಹೋಗಿದ್ದರೆ ಅಲ್ಲಿ ಸೀಳು ತಪ್ಪಿದ್ದಲ್ಲ. ಬಿಗಿಯಾದ ಸಣ್ಣ ಗಂಟು ಅಂದಕ್ಕೆ ಕುಂದಲ್ಲ; ಕಪ್ಪು ಅಂಚಿನ ಸಡಿಲ ಗಂಟು ಉದುರಿಹೋಗುತ್ತದೆ. ‘ಮಲೇಶಿಯಾ ಸಾಲ್’ ಎಂಬಂಥ ವ್ಯಾಪಾರದ ಹೆಸರುಗಳು ಒಂದೇ ಮರದವಲ್ಲ. ಹೆಸರಿಗೆ ಹಣ ಕೊಡದೆ ತೂಕಕ್ಕೂ ಎಳೆಗೂ ಕೊಡಬೇಕು. ಒಣಗಿದ ತೇಗ ಘನ ಅಡಿಗೆ ಸುಮಾರು 18 ಕಿಲೋ ತೂಗುತ್ತದೆ. ಅದೇ ಅಳತೆಯ ತುಂಡು ಬಹಳ ಹೆಚ್ಚು ಭಾರವಾಗಿದ್ದರೆ ಅದು ಹಸಿಯೋ, ಬೇರೆ ಮರವೋ ಆಗಿರಬೇಕು. ಕೊನೆಗೆ, ರಶೀದಿಯನ್ನು ಕೇಳಿ ಪಡೆಯಬೇಕು. ಕಾಡುಮರದ ಸಾಗಣೆಗೆ ಅರಣ್ಯ ಇಲಾಖೆಯ ರಹದಾರಿ ಬೇಕು. ರಶೀದಿಯಿಲ್ಲದ ಬೀಟೆಯ ಹಲಗೆ ಅಗ್ಗವಾಗಿ ಸಿಕ್ಕಿತೆಂದು ಹಿಗ್ಗುವುದು ಕಷ್ಟವನ್ನು ಕರೆದಂತೆ.

ಮದ್ದಿಗೆ ಬದಲು ಬುದ್ಧಿ

ಮದ್ದಿಲ್ಲದ ಮರವನ್ನು ಕಾಪಾಡುವ ವಿದ್ಯೆ ನಮ್ಮ ಹಿರಿಯರಿಗೆ ಕರಗತವಾಗಿತ್ತು. ತೊಟ್ಟಿಯ ಮನೆಯ ಕಂಬಗಳನ್ನು ನೋಡಿರಿ: ಒಂದಾದರೂ ನೆಲಕ್ಕೆ ನೇರವಾಗಿ ಊರಿರುವುದಿಲ್ಲ; ಪ್ರತಿಯೊಂದರ ಕೆಳಗೂ ಕಲ್ಲಿನ ಪೀಠ. ನೆಲದ ತೇವವಾಗಲಿ ಗೆದ್ದಲಾಗಲಿ ಕಲ್ಲನ್ನು ದಾಟದೆ ಮರವನ್ನು ಮುಟ್ಟುವಂತಿಲ್ಲ. ಗೆದ್ದಲು ಕಲ್ಲಿನ ಮೇಲೆ ಮಣ್ಣಿನ ದಾರಿ ಕಟ್ಟಿಕೊಂಡು ಹತ್ತಿದರೂ ಕಣ್ಣಿಗೆ ಬೀಳುತ್ತದೆ, ಗುಡಿಸಿಹಾಕಬಹುದು. ಸೂರಿನ ಚಾಚು ಮಳೆಯನ್ನು ದೂರವಿಡುತ್ತಿತ್ತು. ಈ ಉಪಾಯವನ್ನು ಕಪಾಟಿಗೂ ಅನ್ವಯಿಸಬಹುದು. ಅದರ ಕಾಲುಗಳ ಕೆಳಗೆ ಕಲ್ಲಿನ ಬಿಲ್ಲೆಗಳನ್ನಿಟ್ಟು, ಗೋಡೆಯಿಂದ ಎರಡಂಗುಲ ಹೊರಗೆ ನಿಲ್ಲಿಸಿ, ಹಿಂಬದಿಗೆ ಗಾಳಿಯಾಡುವಂತೆ ಬಿಟ್ಟರೆ ಅರ್ಧ ರಕ್ಷಣೆ ಆದಂತೆ. ಉಳಿದರ್ಧಕ್ಕೆ ಅರಗಿನ ಪಾಲಿಶ್ ಸಾಕು. ಕರಾವಳಿಯಲ್ಲಿ ದೋಣಿಗಳಿಗೆ ಹಚ್ಚುವ ಗೇರುಬೀಜದ ಸಿಪ್ಪೆಯ ಎಣ್ಣೆ ಮರಕ್ಕೆ ಒಳ್ಳೆಯದಾದರೂ ಚರ್ಮವನ್ನು ಸುಡುತ್ತದೆ. ಮನೆಯ ಸಾಮಾನಿಗೆ ಅದು ಬೇಡ.

ಮರದ ಹೆಸರಿನ ಬಗ್ಗೆ ಸಂದೇಹವುಳ್ಳ ಬೆಂಗಳೂರಿನವರಿಗೆ ಒಂದು ಅನುಕೂಲವೂ ಇದೆ. 1938ರಲ್ಲಿ ಮೈಸೂರು ಸಂಸ್ಥಾನ ಆರಂಭಿಸಿದ ಅರಣ್ಯ ಪ್ರಯೋಗಾಲಯವೇ 1988ರಿಂದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಾಗಿ ಮಲ್ಲೇಶ್ವರದಲ್ಲಿದೆ. ಮರವನ್ನು ಗುರುತಿಸುವುದು ಅಲ್ಲಿನ ಮುಖ್ಯ ವಿದ್ಯೆಗಳಲ್ಲೊಂದು.

ಮೊದಲ ಕೆಲಸವಾಗಿ ಕಪಾಟನ್ನು ಹಿಡಿಯದೆ, ಒಂದು ಊಟದ ಮಣೆಯನ್ನು ಹಿಡಿಯುವುದು ಜಾಣತನ. ಒಂದೂವರೆ ಅಡಿ ಉದ್ದದ ಹಲಸಿನ ಕೆಚ್ಚಿನ ತುಂಡೊಂದು, ಅಡಿಗೆ ಎರಡು ಅಡ್ಡಪಟ್ಟಿ, ಇಷ್ಟೇ ಸಾಮಗ್ರಿ. ಹಲಗೆ ಒಣಗಿತ್ತೇ, ಎಳೆ ನೇರವಾಗಿತ್ತೇ, ಅಲಗು ಹರಿತವಾಗಿತ್ತೇ ಎಂಬ ಪಾಠಗಳನ್ನೆಲ್ಲ ಅದು ಕಡಿಮೆ ಖರ್ಚಿನಲ್ಲಿ ಕಲಿಸುತ್ತದೆ. ಒಂದು ಮಳೆಗಾಲ, ಒಂದು ಬೇಸಗೆ ಕಳೆದ ಮೇಲೂ ಆ ಮಣೆ ನೆಲದ ಮೇಲೆ ಅಲುಗದೆ ಕುಳಿತರೆ, ಉಳಿದ ಹಲಗೆಗಳನ್ನು ಧೈರ್ಯವಾಗಿ ಕೊಯ್ಯಬಹುದು.